ಊಟಕ್ಕೆ ನಿಂತ ಮೋಲ್ಡು

ನನಗಾಗ ನಲವತ್ತನಾಲ್ಕು ವರ್ಷ. ಇದು ನಡೆದು ಇಪ್ಪತ್ತು ವರ್ಷ ಆಯಿತು. ಪಾಂಡವಪುರದ ಕಡೆಯ ಒಂದು ಕಾಂಕ್ರೀಟ್ ಗ್ಯಾಂಗಿನಲ್ಲಿ ಹೆಂಗಸರಿಗೆಲ್ಲ ನಾನು ಯಜಮಾನಿ. ಯಜಮಾನಿ ಅಂದರೆ ದೊಡ್ಡದೇನಲ್ಲ. ಬೆಳಿಗ್ಗೆ ಯಾರು ಬಂದರು, ಯಾರು ಬರಲಿಲ್ಲ ನೋಡಬೇಕು, ಬಾಂಡ್ಲಿ ಎಣಿಸಬೇಕು, ಬಯ್ಯಬೇಕು. ಬಯ್ಯೋದು ನನಗೆ ಚೆನ್ನಾಗಿ ಬರುತ್ತಿತ್ತು. ಅದಕ್ಕೇ ಆ ಕೆಲಸ ಕೊಟ್ಟಿದ್ದರು.

ನಮ್ಮದು ಮನೆಗಳಿಗೆ ಮೋಲ್ಡ್ ಹಾಕುವ ಕೆಲಸ, ಅಂದರೆ ಕಾಂಕ್ರೀಟಿನ ಚಾವಣಿ ಎರೆಯುವುದು. ನನ್ನನ್ನೂ ಸೇರಿಸಿ ಹೆಂಗಸರು ಹನ್ನೊಂದು ಜನ, ಗಂಡಸರು ಏಳು. ಮೊದಲು ಸೆಂಟ್ರಿಂಗ್ ಕಟ್ಟುತ್ತಾರೆ. ಕೆಳಗೆ ಕಬ್ಬಿಣದ ಜಾಕುಗಳನ್ನು ನಿಲ್ಲಿಸಿ, ಅದರ ಮೇಲೆ ತಗಡಿನ ಶೀಟು ಹಾಸಿ, ಅದರ ಮೇಲೆ ಕಂಬಿ ಹೆಣೆಯುವುದು. ಮೋಲ್ಡಿನ ದಿನ ಮಿಕ್ಸರು ಜಲ್ಲಿ, ಮರಳು, ಸಿಮೆಂಟು, ನೀರು ಕಲಸಿ ಸುರಿಯುತ್ತದೆ. ಅದನ್ನು ಬಾಂಡ್ಲಿಗೆ ತುಂಬಿ, ಏಣಿ ಕಟ್ಟಿದ ಸಾರುವೆಯ ಮೇಲೆ ಸಾಲಾಗಿ ನಿಂತ ನಾವು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳಿಸಬೇಕು. ಮೇಲಿನವರು ಸುರಿದುಕೊಂಡು ಖಾಲಿ ಬಾಂಡ್ಲಿ ಕೆಳಕ್ಕೆ ಎಸೆಯುತ್ತಾರೆ. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಮುಗಿಯುವವರೆಗೆ ಆ ಸಾಲು ನಿಲ್ಲುವ ಹಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ನಮ್ಮ ಕೈ ತಾಗದ ಬೀದಿ ಕಡಿಮೆ.

ಸಾಲು ಯಾಕೆ ನಿಲ್ಲಬಾರದು ಅಂತ ಹೇಳಬೇಕಾದರೆ ಒಂದು ಇಂಗ್ಲಿಷ್ ಮಾತು ಹೇಳಬೇಕು. ಸೆಟ್ಟು. ಗ್ಯಾಂಗಿಗೆ ಬರುವ ಮೊದಲು ನನಗೆ ಗೊತ್ತಿದ್ದ ಸೆಟ್ಟುಗಳೇ ಬೇರೆ. ಗದ್ದೆಗೆ ಪಂಪ್‌ಸೆಟ್ಟು. ಮದುವೆಗೆ ಬ್ಯಾಂಡ್‌ಸೆಟ್ಟು, ಮೈಕ್‌ಸೆಟ್ಟು, ಚಪ್ಪರಕ್ಕೆ ಮಿಣಮಿಣ ಅನ್ನುವ ಸೀರಿಯಲ್ ಸೆಟ್ಟು. ಊರಿನವರು ಪೌರಾಣಿಕ ನಾಟಕ ಆಡಿದರೆ ಅರಮನೆ, ಕಾಡು, ಬೀದಿ ಬರೆದ ಪರದೆಗಳ ಸೀನ್ ಸೆಟ್ಟು. ಪಾಂಡವಪುರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದರ ಮೇಲೊಂದು ಕೂತ ಸೆಟ್ ದೋಸೆ. ಗ್ಯಾಂಗಿಗೆ ಬಂದ ಮೇಲೂ ಇನ್ನೆರಡು ಸಿಕ್ಕವು. ನಮ್ಮ ಗ್ಯಾಂಗಿನ ಸಾಕಮ್ಮ ಗಂಡನ ಮನೆ ಬಿಟ್ಟು ಬಂದಳು. ಯಾಕೆ ಅಂತ ಕೇಳಿದ್ದಕ್ಕೆ, "ಅವ್ನಿಗೂ ನಂಗೂ ಸೆಟ್ಟಾಗಕಿಲ್ಲ ಕಣಕ್ಕ" ಅಂದಳು. ನನ್ನ ಮಣಿಕಟ್ಟು ಮುರಿದಾಗ ಡಾಕ್ಟರು, ಮೂಳೆ ಸೆಟ್ ಆಗುವವರೆಗೆ ಬಾಂಡ್ಲಿ ಮುಟ್ಟಬೇಡ ಅಂದರು. ಒಂದೇ ಮಾತನ್ನು ಜನ ಎಷ್ಟು ಕಡೆ ದುಡಿಸಿಕೊಳ್ಳುತ್ತಾರೆ ನೋಡಿ. ನಮ್ಮನ್ನೂ ಹಾಗೇ ದುಡಿಸಿಕೊಳ್ಳುತ್ತಿದ್ದರು.

ಕಾಂಕ್ರೀಟಿನ ಸೆಟ್ಟು ಹೇಳಿಕೊಟ್ಟವರು ನಮ್ಮ ಮೇಸ್ತ್ರಿ, ಗಂಜಾಮಿನ ಮುನೀರ್ ಸಾಬರು. ನಾನು ಕೆಲಸಕ್ಕೆ ಸೇರಿದ ವಾರವೇ ಒಂದು ಮುದ್ದೆ ಕಾಂಕ್ರೀಟು ಕಟ್ಟೆಯ ಮೇಲಿಟ್ಟು, "ಹೆಬ್ಬೆಟ್ಟು ಒತ್ತು" ಅಂದರು. ಒತ್ತಿದೆ, ಒಳಗೆ ಹೋಯಿತು. ಒಂದು ಗಂಟೆ ಬಿಟ್ಟು ಮತ್ತೆ ಒತ್ತಿಸಿದರು. ಉಗುರು ನೋಯಿತೇ ಹೊರತು ಗುರುತು ಬೀಳಲಿಲ್ಲ. "ಇದು ಸೆಟ್ಟು. ಇನ್ನು ಇದರ ಪಕ್ಕಕ್ಕೆ ಏನು ಹಾಕಿದರೂ ಪಕ್ಕದಲ್ಲಿ ಕೂರ್ತದೆ, ಒಳಗೆ ಬೆರೆಯಲ್ಲ. ಬಸ್, ಖತಂ" ಅಂದರು. ಮುಂದೆ ಒಬ್ಬ ಎಂಜಿನಿಯರು ಅದಕ್ಕೆ ಲೆಕ್ಕ ಹೇಳಿದರು. ನೀರು ಬಿದ್ದು ಅರ್ಧ ಗಂಟೆ ಕಳೆದರೆ ಸಿಮೆಂಟು ಬಿಗಿಯಲು ಶುರುವಾಗಬಹುದು, ಅದು ಇನಿಷಿಯಲ್ ಸೆಟ್ಟು. ಹತ್ತು ಗಂಟೆಯೊಳಗೆ ಪೂರಾ ಬಿಗಿಯಬೇಕು, ಅದು ಫೈನಲ್ ಸೆಟ್ಟು. ನನಗೆ ಸಾಬರ ಹೆಬ್ಬೆಟ್ಟೇ ಸಾಕಾಗಿತ್ತು.

ಮೋಲ್ಡಿನ ದಿನ ಮನೆಯವರು ಗ್ಯಾಂಗಿಗೆ ಬಾಡೂಟ ಹಾಕಬೇಕು. ಅದು ನಮ್ಮ ಕಡೆಯ ಪದ್ಧತಿ. ಮಿಕ್ಸರು ನಿಲ್ಲಬಾರದಲ್ಲ, ಅದಕ್ಕೆ ಅರ್ಧ ಜನ ಉಂಡು ಬಂದ ಮೇಲೆ ಇನ್ನರ್ಧ ಜನ ಇಳಿಯುತ್ತಾರೆ. ಮೊದಲ ಅರ್ಧ ಯಾವಾಗಲೂ ಗಂಡಸರು. ಹಾಗಂತ ಯಾರೂ ಬರೆದಿಟ್ಟಿರಲಿಲ್ಲ, ಹಾಗೇ ಆಗುತ್ತಿತ್ತು. ಆ ವರ್ಷ ನಾಗಮಂಗಲದಲ್ಲಿ ಒಂದು ಮೋಲ್ಡು. ನಾವು ಹೆಂಗಸರು ಇಳಿದು ಬರುವಷ್ಟರಲ್ಲಿ ಪಾತ್ರೆಯಲ್ಲಿ ಸಾರು ಇತ್ತು, ಮೂಳೆ ಇತ್ತು. ಸೌಟು ಮುಳುಗಿಸಿ ಹುಡುಕಿದರೂ ಒಂದು ತುಂಡು ಸಿಗಲಿಲ್ಲ. ಮಿಕ್ಸರಿನವನು ಹಲ್ಲಿಗೆ ಕಡ್ಡಿ ಹಾಕಿಕೊಂಡು, "ವಾಸ್ನೆ ನೋಡ್ಕಂಡು ಮುದ್ದೆ ನುಂಗಿ ಅಕ್ಕೋ" ಅಂದ. ನಾನು ಮುದ್ದೆ ನುಂಗಿದೆ. ಆದರೆ ಆ ಮಾತನ್ನು ನುಂಗಲಿಲ್ಲ. ಇನ್ನೊಂದು ಮೋಲ್ಡಿಗೆ ಬರಲಿ, ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತೀನಿ, ಹೆಂಗಸರಿಗೆ ಮೊದಲು ಬಡಿಸುತ್ತೀನಿ ಅಂತ ಉಳಿದ ಹತ್ತು ಜನ ಹೆಂಗಸರ ಮುಂದೆ ಹೇಳಿಬಿಟ್ಟೆ.

ಮುಂದಿನ ಮೋಲ್ಡು ಬೂಕನಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ, ಶಿವಣ್ಣನ ಮನೆಯದು. ಶಿವಣ್ಣ ಕೆ.ಆರ್. ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ. ಹೆಂಡತಿ ಜಯಮ್ಮ. ಅಪ್ಪ ನಿಂಗೇಗೌಡರು, ಎಪ್ಪತ್ತೆಂಟು ವರ್ಷ, ಬದುಕಿಡೀ ಭತ್ತದ ಗದ್ದೆಯಲ್ಲೇ ಇದ್ದವರು. ಚಾವಣಿ ಹನ್ನೊಂದು ಚದರ. ಅವತ್ತು ಬುಧವಾರ.

ಮಧ್ಯಾಹ್ನ ಹನ್ನೆರಡಕ್ಕೆ ಮುನೀರ್ ಸಾಬರು ಮೂಟೆ ಎಣಿಸಿ, ಸಂಜೆಗೆ ಸಿಮೆಂಟು ಸಾಲದು ಅಂತ ಕೆ.ಆರ್. ಪೇಟೆಗೆ ಹೊರಟರು. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು. "ಸಿದ್ದಮ್ಮ, ಮಿಕ್ಸರ್ ನಿಲ್ಲಬಾರದು."

ಒಂದು ಗಂಟೆಗೆ ಜಯಮ್ಮ ಬಂದು, "ಎಲ್ಲಾ ಬಂದ್ಬುಡ್ರವ್ವ, ಬಿಸಿ ಇರೋವಾಗ್ಲೇ ಬಡಿಸ್ಬುಡ್ತೀನಿ" ಅಂದಳು. ಗಂಡಸರು ಎಂದಿನಂತೆ ಕೈ ತೊಳೆಯಲು ಹೊರಟರು. ಹತ್ತು ಜನ ಹೆಂಗಸರು ನನ್ನ ಮುಖ ನೋಡಿದರು. ಮಿಕ್ಸರು ನಿಲ್ಲಿಸು ಅಂದೆ. ಮೇಲಿದ್ದ ಗಾರೆಯವನು, "ಸಿದ್ದಕ್ಕ, ಇಲ್ಲಿ ಅರ್ಧಂಬರ್ಧ ಆಗೈತೆ ಕಣಕ್ಕ" ಅಂತ ಕೂಗಿದ. "ಅರ್ಧ ಗಂಟೆ ಕಣ್ಲಾ, ಇಳೀಲಾ ಕೆಳೀಕೆ" ಅಂದೆ.

ಹದಿನೆಂಟು ಜನ ಒಂದೇ ಪಂಕ್ತಿಯಲ್ಲಿ ಕೂತೆವು. ನಿಂಗೇಗೌಡರೂ ನಮ್ಮ ಜೊತೆ ಕೂತರು. ಹೆಂಗಸರಿಗೆ ಮೊದಲು ಬಡಿಸಿದರು. ಸಾಕಮ್ಮ ಎರಡು ಮುದ್ದೆ ಉಂಡಳು. ಅಂಥಾ ಊಟವನ್ನು ನಾನು ಆಮೇಲೆ ಉಂಡಿಲ್ಲ, ಸುಳ್ಳು ಯಾಕೆ ಹೇಳಲಿ. ಅರ್ಧ ಗಂಟೆ ಅಂದದ್ದು, ಎಲೆ ಅಡಿಕೆ ಹಾಕಿ ಎದ್ದು ಮಿಕ್ಸರು ತಿರುಗುವ ಹೊತ್ತಿಗೆ ಒಂದೂಕಾಲು ಗಂಟೆ ಆಯಿತು.

ಮೇಲೆ ಹೋಗಿ ನಿಲ್ಲಿಸಿದ್ದ ಅಂಚಿಗೆ ಹೆಬ್ಬೆಟ್ಟು ಒತ್ತಿದೆ. ಒಳಗೆ ಹೋಗಲಿಲ್ಲ. ಏಣಿ ಇದ್ದ ಬದಿಯಲ್ಲಿ, ಮುಂದಿನ ಕೋಣೆಯ ಮೇಲೆ, ಈ ಗೋಡೆಯಿಂದ ಆ ಗೋಡೆಯವರೆಗೆ ಬಿಗಿದುಹೋಗಿತ್ತು. ಸಿಮೆಂಟನ್ನು ಗಂಜಿಯ ಹಾಗೆ ಕಲಸಿ ಆ ಅಂಚಿಗೆ ಸುರಿಸಿ, ಮುಂದಕ್ಕೆ ಹಾಕಿ ಅಂದೆ. ಯಾರೂ ಬಾಯಿ ಬಿಡಬಾರದು ಅಂತಲೂ ಅಂದೆ. ಗಂಡಸರೂ ಉಂಡಿದ್ದರು, ಸುಮ್ಮನಾದರು. ಎರಡೂವರೆಗೆ ಸಾಬರು ಬಂದರು.

"ನಿಲ್ಲಲಿಲ್ಲ ತಾನೆ?"

"ಇಲ್ಲ ಸಾಬ್ರೆ."

ಮೋಲ್ಡ್ ಹಾಕಿದ ಮಾರನೆಯ ದಿನದಿಂದ ಕ್ಯೂರಿಂಗ್. ಚಾವಣಿಯ ಮೇಲೆ ಮಣ್ಣಿನ ಬದ ಕಟ್ಟಿ, ಗದ್ದೆಯ ಪಾತಿಗಳ ಹಾಗೆ ಮಾಡಿ ನೀರು ನಿಲ್ಲಿಸಬೇಕು. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ತಪ್ಪು. ಅದು ನೀರು ಕುಡಿದು ಗಟ್ಟಿಯಾಗುತ್ತದೆ, ಒಣಗಿದರೆ ಹಾಳಾಗುತ್ತದೆ. ಶಿವಣ್ಣನ ಮನೆಗೆ ನೀರು ಹಾಕುವ ಕೆಲಸ ನನ್ನದೇ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಸಂಜೆ ಬಸ್ಸಿಗೆ ಹೋಗುತ್ತಿದ್ದೆ.

ಗುರುವಾರ ಬದ ಕಟ್ಟಿ ಮೂರು ಬೆರಳು ನೀರು ನಿಲ್ಲಿಸಿದೆ. ಶುಕ್ರವಾರ ನೀರು ಹಾಗೇ ಇತ್ತು. ಶನಿವಾರ ಬೆಳಿಗ್ಗೆ ಬಂದು ನೋಡಿದರೆ ಏಣಿಯ ಬದಿಯ ಮೂರು ಪಾತಿಯಲ್ಲಿ ಹನಿ ನೀರಿಲ್ಲ. ಉಳಿದ ಪಾತಿ ತುಂಬಿವೆ. ಬದ ಎಲ್ಲೂ ಒಡೆದಿಲ್ಲ. ಆ ಮೂರು ಪಾತಿ ಕೂತಿದ್ದದ್ದು ನಾನು ನಿಲ್ಲಿಸಿದ ಅಂಚಿನ ಮೇಲೆ.

ಹೊಸದು ಹಳೆಯದರ ಜೊತೆ ಬೆರೆತಿಲ್ಲ, ನೀರು ಆ ಸಂದಿನಲ್ಲಿ ಇಳಿಯುತ್ತಿದೆ ಅಂದುಕೊಂಡೆ. ಕೆಳಗೆ ಹೋಗಿ ನೋಡಿದೆ. ಶೀಟುಗಳೆಲ್ಲ ಒದ್ದೆ. ಕ್ಯೂರಿಂಗ್ ಮಾಡುವಾಗ ಅವು ಯಾವಾಗಲೂ ಒದ್ದೆಯೇ, ಏನೂ ಗೊತ್ತಾಗುವುದಿಲ್ಲ. ಮತ್ತೆ ತುಂಬಿದೆ. ಭಾನುವಾರವೂ ಖಾಲಿ. ಮತ್ತೆ ತುಂಬಿ, ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ.

ನನ್ನ ಭಯ ಶಿವಣ್ಣನ ಮನೆಯದಲ್ಲ. ಮೋಲ್ಡು ಕೆಟ್ಟರೆ ಊರೂರಿಗೆ ಸುದ್ದಿ ಹೋಗುತ್ತದೆ, ಹೆಂಗಸರನ್ನು ಮೊದಲ ಪಂಕ್ತಿಗೆ ಕೂರಿಸಿದ್ದಕ್ಕೇ ಹೀಗಾಯಿತು ಅಂತ. ಆಮೇಲೆ ನಮ್ಮನ್ನು ಯಾರು ಕರೆಯುತ್ತಾರೆ? ಸಾಕಮ್ಮನಂಥವಳು ವಾಪಸ್ಸು ಎಲ್ಲಿಗೆ ಹೋಗಬೇಕು? ಎರಡು ದಿನ ಇದೇ ಯೋಚನೆಯಲ್ಲಿ ಸುಮ್ಮನಿದ್ದೆ.

ಸೋಮವಾರ ಬೆಳಿಗ್ಗೆಯೂ ಪಾತಿ ಖಾಲಿ. ಅಷ್ಟರಲ್ಲಿ ಕೆಳಗೆ ಸಿಳ್ಳೆ ಕೇಳಿತು. ಸಾಬರ ಮಗ ಇಮ್ತಿಯಾಜ್, ಸೆಂಟ್ರಿಂಗ್ ಬಿಚ್ಚುವವನು, ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತಿದ್ದ. ಮದುವೆಯಾಗಿ, ಮೂರು ತಿಂಗಳ ಮಗುವಿತ್ತು. ಮುಂದಿನ ಕೋಣೆಯಲ್ಲಿ, ಸರಿಯಾಗಿ ಆ ಅಂಚಿನ ಕೆಳಗೆ ನಿಂತು ಜಾಕುಗಳನ್ನು ಸುತ್ತಿಗೆಯಿಂದ ಟಣಟಣ ತಟ್ಟಿ ನೋಡುತ್ತಿದ್ದ.

"ಖಾಲಾ, ಹದಿನಾಲ್ಕನೇ ದಿನ ಎಲ್ಲಾ ಬಿಚ್ಬಿಡ್ತೀನಿ. ನಾಗಮಂಗಲದವ್ರು ಶೀಟ್ ಕೇಳ್ತಾವ್ರೆ" ಅಂದ.

ಜಾಕು ಬಿಚ್ಚುವಾಗ ಕೆಳಗೆ ನಿಲ್ಲುವವನು ಅವನೇ. ನಾನು ಏಣಿ ಇಳಿದೆ. ಸಾಬರು ಅಂಗಳದಲ್ಲಿ ಶಿವಣ್ಣನ ಜೊತೆ ಟೀ ಕುಡಿಯುತ್ತಿದ್ದರು. ಒಬ್ಬರನ್ನೇ ಕರೆದು ಹೇಳಬಹುದಿತ್ತು. ಕರೆಯಲು ಹೋದರೆ ಧೈರ್ಯ ಹೋಗುತ್ತದೆ ಅಂತ ಅಲ್ಲೇ ಹೇಳಿದೆ.

"ಸಾಬ್ರೆ, ಅವತ್ತು ಮಿಕ್ಸರು ನಿಲ್ಸಿದ್ದೆ."

"ಎಷ್ಟೊತ್ತು?"

"ಒಂದೂಕಾಲು ಗಂಟೆ. ಊಟಕ್ಕೆ. ಮೂರು ದಿನದಿಂದ ಅಲ್ಲಿ ನೀರು ನಿಲ್ತಿಲ್ಲ."

ಸಾಬರು ಲೋಟ ಕೆಳಗಿಟ್ಟರು. "ನಾನು ಕೇಳಿದ್ದೆ ಸಿದ್ದಮ್ಮ."

"ಕೇಳಿದ್ರಿ. ಸುಳ್ಳೇಳ್ದೆ."

ಶಿವಣ್ಣ ಎದ್ದು ನಿಂತ. "ಬಾಡೂಟಕ್ಕೆ ಬಾಯ್ಬುಟ್ಕಂಡು ನನ್ನ ಮನೆ ಕೆಡಿಸ್ಬುಟ್ರಲ್ಲಮ್ಮಿ! ಹೆಂಗಸ್ರ ಕೈಗೆ ಮೋಲ್ಡ್ ಕೊಟ್ರೆ ಇನ್ನೇನಾದದು?"

"ಹೆಂಗಸ್ರಲ್ಲ ಶಿವಣ್ಣ, ನಾನು. ಕೂತ್ಕಳಿ ಅಂದೋಳು ನಾನು, ಅವ್ರು ಕೂತ್ರು. ಬಯ್ಯೋದಾದ್ರೆ ನನ್ನ ಹೆಸ್ರಿಡ್ಕಂಡು ಬಯ್ಯಿ."

ಅವನು ಹೆಸರು ಹಿಡಿದೇ ಬಯ್ದ. ಸಾಕಷ್ಟು ಬಯ್ದ. ನಾನು ತಲೆ ತಗ್ಗಿಸಿ ಕೇಳಿದೆ, ಯಾಕೆಂದರೆ ಅಷ್ಟೂ ನ್ಯಾಯವಾಗಿತ್ತು.

ಮಧ್ಯಾಹ್ನ ಕೆ.ಆರ್. ಪೇಟೆಯಿಂದ ಎಂಜಿನಿಯರು ಬಂದರು. ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟರು. ಹೀಗೆ ಬಿಗಿದದ್ದರ ಪಕ್ಕಕ್ಕೆ ಹೊಸದು ಬಂದು ಕೂತರೆ ಅದನ್ನು ಕೋಲ್ಡ್ ಜಾಯಿಂಟ್ ಅನ್ನುತ್ತಾರಂತೆ. "ಪಾತಿ ತುಂಬಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ನಾಳೆ ಬೆಳಿಗ್ಗೆಗೆ ನೀರು ಇಳಿದಿದ್ದರೆ ಜಾಯಿಂಟಿನಿಂದಲೇ ಅಂತ ಅರ್ಥ. ಆ ಕೋಣೆಯ ಚಾವಣಿ ಒಡೆದು ಬೇರೆ ಹಾಕಬೇಕು" ಅಂದರು. ಒಡೆಯುವುದು ಅಂದರೆ ನಮ್ಮ ಗ್ಯಾಂಗಿನ ಕಥೆ ಮುಗಿದ ಹಾಗೆ. ನಾನು ಸಂಜೆಯ ಬಸ್ಸಿಗೆ ಹೋಗಲಿಲ್ಲ. ಕತ್ತಲಾಗುವವರೆಗೂ ನೀರು ಇದ್ದಲ್ಲೇ ಇತ್ತು. ಇದು ಹಗಲು ಸೋರದೆ ರಾತ್ರಿ ಮಾತ್ರ ಯಾಕೆ ಸೋರುತ್ತದೆ ಅಂತ ಆಗ ತಲೆಗೆ ಬಂತು. ಜಯಮ್ಮ ಕೊಟ್ಟ ಚಾಪೆ ಹಾಸಿಕೊಂಡು ಸಿಮೆಂಟು ಮೂಟೆಗಳ ಹತ್ತಿರ ಮಲಗಿದೆ.

ಮಂಗಳವಾರ, ಆಗ ತಾನೇ ಬೆಳಕು ಹರಿಯುತ್ತಿತ್ತು. ಏಣಿ ಕಿರ್ ಅಂದಿತು. ಎದ್ದು ನೋಡಿದರೆ ನಿಂಗೇಗೌಡರು ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಸಣ್ಣ ಗುದ್ದಲಿ ಹಿಡಿದು ಮೇಲೆ ಹತ್ತುತ್ತಿದ್ದಾರೆ. ಹಿಂದೆಯೇ ಹತ್ತಿದೆ. ಗೌಡರು ಚಾವಣಿಯ ಹೊರ ಅಂಚಿನ ಬದವನ್ನು ಒಂದು ಕಡೆ ಮೆಲ್ಲಗೆ ಬಿಡಿಸಿದರು. ನೀರು ಹೊರಗಿನ ಮರಳು ಗುಡ್ಡೆಯ ಮೇಲೆ ಸದ್ದಿಲ್ಲದೆ ಬಿತ್ತು. ಮರಳು ಕುಡಿದುಬಿಟ್ಟಿತು. ಮೂರು ಪಾತಿ ಖಾಲಿಯಾಗುವವರೆಗೆ ಗುದ್ದಲಿ ಊರಿ ನಿಂತಿದ್ದು, ಆಮೇಲೆ ಬದ ಮುಚ್ಚಿ ಹಿಮ್ಮಡಿಯಿಂದ ಮೆಟ್ಟಿ, ಅಂಗೈಯಿಂದ ಸವರಿದರು. ಒಡೆದದ್ದು ಬ್ರಹ್ಮನಿಗೂ ಗೊತ್ತಾಗದ ಹಾಗೆ.

"ಗೌಡ್ರೇ, ಏನ್ ಮಾಡ್ತಿದ್ದೀರಿ?"

"ಕಾಣಾಕಿಲ್ವ? ನೀರು ತೆಗೀತಾವ್ನಿ."

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲಮ್ಮಿ, ನೀನು ಗದ್ದೆ ನೋಡ್ನಿಲ್ವ? ನಾಟಿ ಮಾಡಿ ಅಂಗೇ ನೀರು ನಿಲ್ಸಿದ್ರೆ ಬೇರು ಕೊಳೀತದೆ. ವಸಿ ಆರಾಕಿದ್ರೆ ಕಚ್ಕತದೆ. ನೀನು ಹಗಲೊತ್ತು ತುಂಬ್ತಿದ್ದೆ, ನಾನು ಹೊತ್ತಾರೆ ತೆಗೀತಿದ್ದೆ. ಈ ಬದಿ ಮಾತ್ರ ಆಯ್ತು. ಆ ಕಡೀಕೋಗಕೆ ಕಾಲು ಜಾರ್ತದೆ."

"ಇದು ಗದ್ದೆ ಅಲ್ಲ ಗೌಡ್ರೆ, ಕಾಂಕ್ರೀಟು. ಇದ್ಕೆ ಬೇರಿಲ್ಲ. ನೀರು ಕುಡುದ್ರೇ ಗಟ್ಟಿ ಆಗೋದು."

ಗೌಡರು ನನ್ನನ್ನು ನೋಡಿದರು, ಪಾತಿ ನೋಡಿದರು. "ಅಂಗಾರೆ ಬದ ಯಾಕ್ ಕಟ್ಟಿದ್ರಿ ಗದ್ದೆ ತರ? ನಾನೇನಂತ ತಿಳ್ಕಬೇಕು?" ಅಂದರು. ಆಮೇಲೆ ದನಿ ತಗ್ಗಿಸಿ, "ಶಿವಣ್ಣಂಗೆ ಯೋಳ್ಬ್ಯಾಡ ಕಣವ್ವ, ಕಿರುಚ್ತಾನೆ" ಅಂದರು.

"ನನ್ಗೂ ನೆನ್ನೆ ಕಿರುಚವ್ನೆ. ಈವತ್ತು ನಿಮ್ ಪಾಳಿ" ಅಂದೆ.

ಶಿವಣ್ಣ ಕಿರುಚಿದ. ಜಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗಿ ನಕ್ಕಳು. ಪಾತಿ ಮತ್ತೆ ತುಂಬಿ, ಗುರುತು ಹಾಕಿ, ಒಂದು ಹಗಲು ಒಂದು ರಾತ್ರಿ ಬಿಟ್ಟೆವು. ನೀರು ಕೂದಲೆಳೆಯಷ್ಟು ಇಳಿದಿತ್ತು, ಉಳಿದ ಪಾತಿಗಳಲ್ಲೂ ಅಷ್ಟೇ ಇಳಿದಿತ್ತು. ಬಿಸಿಲು ಕುಡಿದದ್ದು. ಎಂಜಿನಿಯರು ಒಡೆಯುವುದು ಬೇಡ ಅಂದರು. ಆದರೆ ಜಾಕುಗಳು ಹದಿನಾಲ್ಕಲ್ಲ, ಇಪ್ಪತ್ತೆಂಟು ದಿನ ನಿಲ್ಲಲಿ ಅಂದರು.

ನಾನು ಬಾಯಿ ಬಿಡದೆ ಇನ್ನೊಂದು ದಿನ ತಡೆದಿದ್ದರೆ ಏನೂ ಗೊತ್ತಾಗದೆ ಹೋಗುತ್ತಿತ್ತು ಅಂತ ಗ್ಯಾಂಗಿನ ಗಂಡಸರು ಆಡಿಕೊಂಡರು. ಸಾಬರು ನಗಲಿಲ್ಲ. "ಮುದುಕರು ನೀರು ಬಿಟ್ಟಿದ್ದು ಒಂದು. ನೀನು ನಿಲ್ಲಿಸಿದ್ದು ನಿಲ್ಲಿಸಿದ್ದೇ. ಬಿಚ್ಚಿದಾಗ ನೋಡೋಣ" ಅಂದರು. ಅವರು ಇಪ್ಪತ್ತೆಂಟು ದಿನ ನನಗೆ ಮಿಕ್ಸರಿನ ಹತ್ತಿರದ ಕೆಲಸ ಕೊಡಲಿಲ್ಲ. ಸಾಲಿನ ತುದಿಯಲ್ಲಿ ಖಾಲಿ ಬಾಂಡ್ಲಿ ಆರಿಸಿದೆ.

ಬಿಚ್ಚುವ ದಿನ ಮುಂದಿನ ಕೋಣೆಯಲ್ಲಿ ಇಮ್ತಿಯಾಜ್ ಜೊತೆ ನಾನೂ ನಿಂತೆ. "ಖಾಲಾ, ಹೊರಗೆ ಹೋಗಿ" ಅಂದ. ಹೋಗಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ನಿಂಗೇಗೌಡರು ಕೋಲೂರಿಕೊಂಡು ಬಂದು ನನ್ನ ಪಕ್ಕ ನಿಂತರು.

"ಅಪ್ಪೋ, ಈಚ್ಗೆ ಬಾ!" ಅಂತ ಶಿವಣ್ಣ ಕೂಗಿದ.

"ನೀರು ತೆಗ್ದೋನು ನಾನು ಕಣ್ಲಾ, ನಾನೂ ನಿಂತ್ಕತೀನಿ" ಅಂದರು ಗೌಡರು.

ಇಮ್ತಿಯಾಜ್ ಕೋಣೆಯ ನಡುವಿನಿಂದ ಶುರು ಮಾಡಿ ಗೋಡೆಯ ಕಡೆಗೆ ಒಂದೊಂದೇ ಜಾಕು ಸಡಿಲಿಸಿದ. ಪ್ರತಿಯೊಂದಕ್ಕೂ ಕಬ್ಬಿಣ ಒಂದು ಸಾರಿ ಕಿರುಗುಟ್ಟುತ್ತಿತ್ತು. ಕೊನೆಯ ಶೀಟು ಕೆಳಗಿಳಿಯಿತು. ಚಾವಣಿ ಅಲ್ಲೇ ಇತ್ತು. ಒಂದು ಚಕ್ಕೆ ಉದುರಲಿಲ್ಲ.

ಆದರೆ ಗೆರೆಯೊಂದು ಕಂಡಿತು. ಈ ಗೋಡೆಯಿಂದ ಆ ಗೋಡೆಗೆ, ದಾರ ಎಳೆದ ಹಾಗೆ, ಫ್ಯಾನಿನ ಕೊಕ್ಕೆಯಿಂದ ಎರಡು ಮೊಳ ಈಚೆಗೆ. ಆ ಕಡೆಯದು ಒಂದು ಬಣ್ಣ, ಈ ಕಡೆಯದು ಇನ್ನೊಂದು ಬಣ್ಣ. ಸಾಬರು ಸ್ಟೂಲು ಹತ್ತಿ ಅದರ ಉದ್ದಕ್ಕೂ ಬೆರಳಾಡಿಸಿದರು.

"ಇಲ್ಲಿ ಕೂತ್ರಿ. ಇಲ್ಲಿಂದ ಎದ್ರಿ" ಅಂದರು. ಇಳಿದು ಕೈ ಒರೆಸಿಕೊಂಡು, "ನಾಳೆ ನಾಗಮಂಗಲ. ಮಿಕ್ಸರ್ ಹತ್ರ ನೀನಿರು" ಅಂದರು.

ವಾರದಲ್ಲಿ ಅದಕ್ಕೆ ಗಾರೆ ಬಿತ್ತು, ಆಮೇಲೆ ಸುಣ್ಣ. ನಿಂಗೇಗೌಡರು ಈಗಿಲ್ಲ. ಸಾಬರು ಗಂಜಾಮಿನಲ್ಲಿ ಮಗನ ಮನೆಯಲ್ಲಿದ್ದಾರೆ, ಕಣ್ಣು ಮಂಜು. ಈಗ ದೊಡ್ಡ ಲಾರಿ ಬರುತ್ತದೆ, ಕೊಳವೆಯಲ್ಲಿ ಕಾಂಕ್ರೀಟು ತಾನೇ ಮೇಲೆ ಹೋಗುತ್ತದೆ, ಎರಡು ಗಂಟೆಯಲ್ಲಿ ಮೋಲ್ಡು ಮುಗಿಯುತ್ತದೆ. ಒಳ್ಳೆಯದೇ. ನಮ್ಮ ಸೊಂಟ ಹೋದ ಹಾಗೆ ಇನ್ಯಾರದ್ದೂ ಹೋಗುವುದು ಬೇಡ. ಆದರೂ ಹನ್ನೊಂದು ಜೊತೆ ಬಳೆ ಬಾಂಡ್ಲಿಗೆ ತಾಗಿ ಒಂದೇ ತಾಳದಲ್ಲಿ ಸದ್ದು ಮಾಡುತ್ತಿದ್ದದ್ದು, ಸಾಕಮ್ಮ ತಪ್ಪು ತಪ್ಪಾಗಿ ಸೋಬಾನೆ ಹಾಡುತ್ತಿದ್ದದ್ದು, ಈಗಲೂ ಒಮ್ಮೊಮ್ಮೆ ಕಿವಿಗೆ ಬೀಳುತ್ತದೆ. ಬೂಕನಕೆರೆ ಕಡೆ ಹೋದಾಗ ಶಿವಣ್ಣನ ಮನೆಯಲ್ಲಿ ನೀರು ಕುಡಿದು ಬರುತ್ತೇನೆ. ಎಲ್ಲರೂ ನನ್ನ ಮುಖ ನೋಡಿ ಮಾತಾಡುತ್ತಾರೆ. ನಾನು ಫ್ಯಾನಿನ ಕೊಕ್ಕೆಯಿಂದ ಎರಡು ಮೊಳ ಈಚೆಗೆ ನೋಡುತ್ತೇನೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ತಪ್ಪು ಹಸಿಯಾಗಿದ್ದಾಗ ಹೇಳಿದರೆ ಸವರುವ ಕರಣೆ ಸಾಕು, ತಡ ಮಾಡಿದರೆ ಸುತ್ತಿಗೆಯವರೆಗೆ ಹೋಗುತ್ತದೆ. ಮಿಕ್ಸರು ನಿಲ್ಲಿಸಿದ್ದು ತಪ್ಪು, ಸುಳ್ಳು ಹೇಳಿದ್ದು ಅದಕ್ಕಿಂತ ತಪ್ಪು. ಹೆಂಗಸರಿಗೆ ತುಂಡು ಸಿಗಬೇಕು ಅಂದದ್ದು ಮಾತ್ರ ಇವತ್ತಿಗೂ ತಪ್ಪು ಅನ್ನಿಸಿಲ್ಲ.

ಅವತ್ತು ಜಾಕು ಬಿಚ್ಚಿದ ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಮುಚ್ಚಳದ ದೊಡ್ಡ ಪಾತ್ರೆಯನ್ನು ಬೆಳಗಿ, ತಲೆಯ ಮೇಲಿಟ್ಟುಕೊಂಡು ನಾಗಮಂಗಲದ ಬಸ್ಸು ಹತ್ತಿದೆ. ಮೋಲ್ಡಿನ ಮನೆಯಲ್ಲಿ ಇನ್ನೂ ಒಲೆ ಹೊತ್ತಿರಲಿಲ್ಲ. ಅಡುಗೆಯವನ ಮುಂದೆ ಪಾತ್ರೆ ಇಟ್ಟು, ಗಂಡಸರಿಗೂ ಕೇಳುವ ಹಾಗೆ, "ಬೆಂದ ತಕ್ಷಣ ಹನ್ನೊಂದು ಪಾಲು ಮೊದಲು ಇದಕ್ಕೆ ತುಂಬಿ ಮುಚ್ಚಿಡು. ನಾವು ಎರಡನೇ ಪಂಕ್ತೀಲಿ ಉಣ್ತೀವಿ, ಮಿಕ್ಸರು ನಿಲ್ಲಕಿಲ್ಲ" ಅಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಬಾಂಡ್ಲಿ ಎತ್ತಿ ಸಾಕಮ್ಮನ ಕೈಗೆ ಕೊಟ್ಟೆ.